ಭಾನುವಾರ ಬರುವಾಗ ಕಾಫಿ ಫಿಲ್ಟರ್ ತನ್ನಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10ಕ್ಕೆ ಜಯನಗರದ ನಮ್ಮ ಮನೆ ಮಹಡಿಯಲ್ಲೇ ಸೇರೋಣ. ಕೆಮಿಕಲ್ ಎಂಜಿನಿಯರಿಂಗ್ ಅಂತ ಸುಮ್ನೆ ಹೆದರಬೇಡಿ, ಮೊದಲ ಪಾಠ ಡಿಕಾಕ್ಷನ್.

ಅದಕ್ಕೂ ಮೊದಲು ಮನೆಯಲ್ಲಿ ಒಂದು ಸಲ ಅಳೆದು ನೋಡಿ. ನಿನ್ನೆ ನಾನು 200 ಮಿಲಿ ನೀರು ಹಾಕಿದೆ, ಕೆಳಗೆ ಇಳಿದದ್ದು 150 ಚಿಲ್ಲರೆ. ಉಳಿದದ್ದನ್ನು ಚರಟ ಕುಡಿದಿದೆ, ಸ್ವಲ್ಪ ಆವಿಯಾಗಿದೆ. ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ಹೀಗೆ ಲೆಕ್ಕ ಹೊಂದಿಸುವುದೇ ಮಾಸ್ ಬ್ಯಾಲೆನ್ಸ್.

ಇನ್‌ಸ್ಟಂಟ್ ಕಾಫಿ ಕಾರ್ಖಾನೆಯಲ್ಲೂ ಇದೇ ಕೆಲಸ, ಆದರೆ ಸಾಲಾಗಿ ನಿಂತ ಎತ್ತರದ ಉಕ್ಕಿನ ಪಾತ್ರೆಗಳಲ್ಲಿ. ಅಲ್ಲಿ ಹೊಸ ನೀರು ಮೊದಲು ಹೋಗುವುದು ಸತ್ವ ಕಳೆದುಕೊಂಡ ಹಳೇ ಪುಡಿಗೆ, ಕೊನೆಗೆ ಹೊಸ ಪುಡಿಗೆ. ಉಲ್ಟಾ ಅನ್ನಿಸುತ್ತದೆ ಅಲ್ವಾ? ಗಟ್ಟಿಯಾದ ಡಿಕಾಕ್ಷನ್ ಹೊಸ ಪುಡಿಯಿಂದ ಇನ್ನೂ ಸ್ವಲ್ಪ ಎಳೆಯಬಲ್ಲದು, ಹಳೆಯದರಿಂದ ಆಗದು. ಆಮೇಲೆ ಅದನ್ನು ಬಿಸಿಗಾಳಿಯಲ್ಲಿ ಸಿಂಪಡಿಸಿ ಒಣಗಿಸುತ್ತಾರೆ.

ಇನ್ನೊಂದು ವಿಷಯ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ನಮ್ಮೂರಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಕಾರ್ಖಾನೆಯಲ್ಲಿ ಒತ್ತಡ ಹಾಕಿ ನೀರನ್ನು ನೀರಾಗಿಯೇ 150 ದಾಟಿಸುತ್ತಾರೆ.

ಥರ್ಮಾಮೀಟರ್ ಇದ್ದವರು ತನ್ನಿ, ಜ್ವರ ನೋಡುವುದಲ್ಲ! ಚಿಕೋರಿ ಬೇಕೇ ಬೇಡವೇ ಅನ್ನೋ ಜಗಳ ಪಾಠ ಮುಗಿದ ಮೇಲೆ.