ಜೆಸಿಬಿ ಪಕ್ಕ ಒಬ್ಬರು ನಿಲ್ಲಲಿ

ಮಾನ್ಯ ಸಂಪಾದಕರೇ,

ನಮ್ಮ ಹಳೆ ಊರುಗಳಲ್ಲಿ ಒಳಚರಂಡಿ, ಕುಡಿಯುವ ನೀರಿನ ಪೈಪು, ಕೇಬಲ್ಲು ಅಂತ ನೆಲ ಅಗೆಯುವುದು ಮುಗಿಯುವುದೇ ಇಲ್ಲ. ಶ್ರೀರಂಗಪಟ್ಟಣ, ವಿಜಯಪುರ, ಬೀದರ್, ಚಿತ್ರದುರ್ಗ, ಬೆಂಗಳೂರಿನ ಪೇಟೆ, ಎಲ್ಲ ಕಡೆ ಇದೇ ಕಥೆ. ಅಗೆಯಬೇಡಿ ಅಂತ ಹೇಳೋಕೆ ಈ ಪತ್ರ ಬರೆಯುತ್ತಿಲ್ಲ. ಜನಕ್ಕೆ ನೀರು ಬೇಕು, ಚರಂಡಿ ಬೇಕು, ಮೆಟ್ರೊನೂ ಬೇಕು. ನಾನು ಕೇಳುವುದು ಇಷ್ಟೇ: ಇಂಥ ಊರುಗಳಲ್ಲಿ ಗುಂಡಿ ತೋಡುವಾಗ ಪುರಾತತ್ವ ಗೊತ್ತಿರುವ ಒಬ್ಬರು ಜೆಸಿಬಿ ಪಕ್ಕದಲ್ಲಿ ನಿಂತಿರಲಿ, ಬೇಕೆನಿಸಿದಾಗ ಅದನ್ನು ನಿಲ್ಲಿಸುವ ಅಧಿಕಾರ ಅವರಿಗಿರಲಿ, ಅವರ ಸಂಬಳ ಕಾಮಗಾರಿಯ ಎಸ್ಟಿಮೇಟಿನಲ್ಲೇ ಬರಲಿ.

ಅದಕ್ಕೆಲ್ಲ ಕಾನೂನು ಇದೆಯಲ್ಲ ಎನ್ನಬಹುದು. ಇದೆ. ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. 1958ರ ಪುರಾತನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ತಂದು ಇದನ್ನು ಬಿಗಿ ಮಾಡಿದರು. ಅಲ್ಲಿ ವಾಸ ಇರುವವರು ಮನೆ ಮೇಲೆ ಒಂದು ಮಹಡಿ ಎತ್ತಬೇಕಾದರೂ ಅನುಮತಿಗಾಗಿ ಚಪ್ಪಲಿ ಸವೆಸುತ್ತಾರೆ. ಆದರೆ ಅದೇ ಕಾಯ್ದೆ ಚರಂಡಿ ಕೆಲಸ, ಸಾರ್ವಜನಿಕ ನೀರು ಸರಬರಾಜು, ವಿದ್ಯುತ್ ಪೂರೈಕೆಯ ಕೆಲಸ, ಇವನ್ನೆಲ್ಲ ನಿರ್ಮಾಣದ ಲೆಕ್ಕದಿಂದಲೇ ಹೊರಗಿಟ್ಟಿದೆ. ಉದ್ದೇಶ ಒಳ್ಳೆಯದೇ. ಸ್ಮಾರಕದ ಪಕ್ಕದ ಬೀದಿಯವರಿಗೂ ನಲ್ಲಿ, ಕರೆಂಟು ಬೇಡವೇ? ಆದರೆ ಆಗಿದ್ದೇನೆಂದರೆ, ಮೇಲಕ್ಕೆ ಕಟ್ಟುವವನಿಗೆ ನೂರೆಂಟು ಪ್ರಶ್ನೆ, ಆಳಕ್ಕೆ ಅಗೆಯುವವನನ್ನು ಕೇಳುವವರಿಲ್ಲ. ಮನೆಯ ಪಾಯ ಸೊಂಟದಾಳ ಹೋದರೆ ಹೆಚ್ಚು. ಒಳಚರಂಡಿಯ ಮ್ಯಾನ್‌ಹೋಲಿಗೆ ಆಳುದ್ದಕ್ಕಿಂತ ಜಾಸ್ತಿ ಇಳಿಯಬೇಕಾಗುತ್ತದೆ, ಅದೂ ಬೀದಿಯ ಈ ತುದಿಯಿಂದ ಆ ತುದಿಯವರೆಗೆ.

ಇನ್ನು ಆ 300 ಮೀಟರ್ ಆಚೆಗಂತೂ ಕೇಳಲೇಬೇಡಿ. ಕೋಟೆ ಗೋಡೆಗೆ ಸಂರಕ್ಷಿತ ಸ್ಮಾರಕ ಅನ್ನುವ ನೀಲಿ ಬೋರ್ಡು ಇರುತ್ತದೆ, ಕೋಟೆಯೊಳಗೆ ಬಾಳಿದ ಊರಿಗೆ ಯಾವ ಬೋರ್ಡೂ ಇಲ್ಲ. ವಿಜಯಪುರವನ್ನೇ ನೋಡಿ. ಆದಿಲ್‌ಶಾಹಿಗಳ ಕಾಲದಲ್ಲಿ ತೊರವಿ ಕಡೆಯಿಂದ ಸುರಂಗದಲ್ಲಿ, ಸುಟ್ಟ ಮಣ್ಣಿನ ಕೊಳವೆಗಳಲ್ಲಿ, ಗಂಜ್ ಅಂತ ಕರೆಯುವ ನೀರಿನ ಗೋಪುರಗಳ ಮೂಲಕ ಊರಿಗೆ ನೀರು ಬರುತ್ತಿತ್ತು. ಗೋಪುರಗಳು ಕಣ್ಣಿಗೆ ಬೀಳುತ್ತವೆ, ಕೊಳವೆಗಳು ರಸ್ತೆ ಕೆಳಗಿವೆ. ಬೀದರ್‌ನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ಇದೆ. ನೆಲದಡಿ ಕೊರೆದ ಕಾಲುವೆ ಅದು, ಮೇಲೆ ಸಾಲಾಗಿ ಬಾವಿಯಂಥ ಕಿಂಡಿಗಳು. ಇಂಥ ಕಡೆ ಹೊಸ ಪೈಪು ಹಾಕುವಾಗ ಹಳೆ ಪೈಪು ಅಡ್ಡ ಬಂದರೆ ಅದನ್ನು ಗುರುತು ಹಿಡಿಯುವವರು ಯಾರು? ಆಪರೇಟರ್‌ಗೆ ಅದು ಹೆಂಚಿನ ಚೂರು, ಅಷ್ಟೇ.

ನಾನು ಪುರಾತತ್ವ ಓದಿದವನಲ್ಲ. ಪೈಪು ಹೂಳಿಸುವ ಕೆಲಸದಲ್ಲೇ ತಲೆ ನರೆತ ಎಂಜಿನಿಯರು. ಹಳೆ ಊರಿನಲ್ಲಿ ಗುಂಡಿ ತೋಡಿದಾಗ ಅದರ ಪಕ್ಕೆ ಹೇಗೆ ಕಾಣುತ್ತದೆ ಅಂತ ಗೊತ್ತು. ಮೇಲೆ ಡಾಂಬರು, ಅದರ ಕೆಳಗೆ ಜಲ್ಲಿ. ಆಮೇಲೆ ಕೆಂಪು ಗ್ರಾವೆಲ್ಲು. ಅದೂ ಮುಗಿದ ಮೇಲೆ ಬಣ್ಣ ಬದಲಾಗುತ್ತದೆ: ಇಟ್ಟಿಗೆ ಪುಡಿ, ಗಾರೆಯ ಬಿಳಿ ತುಣುಕು, ಎಲುಬು, ಮಡಿಕೆ ಚೂರು, ಅಲ್ಲಲ್ಲಿ ಒಂದು ಗೇಣು ದಪ್ಪದ ಕಪ್ಪು ಬೂದಿ. ಕೆಲವು ಕಡೆ ತೆಳ್ಳಗೆ ಒಂದು ಗಟ್ಟಿ ಗೆರೆ ಉದ್ದಕ್ಕೆ ಹೋಗುತ್ತದೆ, ಯಾರೋ ತುಳಿದು ಓಡಾಡಿದ ನೆಲ ಅದು. ಆ ಬೂದಿ ಊರಿಗೆ ಬೆಂಕಿ ಬಿದ್ದದ್ದೋ, ಕಮ್ಮಾರನ ಕುಲುಮೆಯದ್ದೋ ನನಗೆ ಗೊತ್ತಾಗುವುದಿಲ್ಲ. ಗೊತ್ತಾಗುವವರು ಇದ್ದಾರೆ, ಅವರು ಅಲ್ಲಿರುವುದಿಲ್ಲ. ಒಂದು ಕೆಲಸದಲ್ಲಿ ಹೀಗೇ ಅಗಲದ ಇಟ್ಟಿಗೆಯ ಗೋಡೆಯೊಂದು ಅಡ್ಡ ಬಂತು. ಮೇಲಿನವರಿಗೆ ಫೋನ್ ಮಾಡಿದೆ. ‘ಒಡೆದು ಮುಂದಕ್ಕೆ ಹೋಗ್ರಿ, ಮಳೆ ಬರೋದರೊಳಗೆ ಮುಚ್ಚಬೇಕು’ ಎಂಬ ಉತ್ತರ ಬಂತು. ಸಂಜೆಯೊಳಗೆ ಪೈಪು ಕೂತಿತ್ತು. ಅಳತೆ ಪುಸ್ತಕದಲ್ಲಿ ಬರೆದದ್ದು ‘ಗಟ್ಟಿ ಮಣ್ಣು ಅಗೆತ, ಇಷ್ಟು ಘನ ಮೀಟರ್’ ಅಂತ. ಗೋಡೆ ಇತ್ತು ಅನ್ನುವುದು ಈಗ ಯಾವ ಕಾಗದದಲ್ಲೂ ಇಲ್ಲ.

ಗಮನಿಸಬೇಕಾದ್ದು ಇದನ್ನೇ. ಸಿಕ್ಕಿದ ವಸ್ತುವನ್ನು ಮ್ಯೂಸಿಯಂಗೆ ಕೊಟ್ಟರೆ ಆಯ್ತಲ್ಲ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಒಂದು ನಾಣ್ಯ ಯಾವ ಪದರದಲ್ಲಿತ್ತು, ಅದರ ಜೊತೆ ಯಾವ ಮಡಿಕೆ ಇತ್ತು, ಅದು ಗೋಡೆ ಕಟ್ಟುವ ಮುಂಚಿನದೋ ಆಮೇಲಿನದೋ, ಇದೆಲ್ಲ ಗೊತ್ತಿದ್ದರೆ ಮಾತ್ರ ಆ ನಾಣ್ಯ ಏನಾದರೂ ಹೇಳುತ್ತದೆ. ಟಿಪ್ಪರಿಗೆ ಸುರಿದ ಮಣ್ಣಿನಿಂದ ಹೆಕ್ಕಿ ತಂದರೆ, ಕಳ್ಳತನವಾದ ಮನೆಯನ್ನು ಪೊಲೀಸರು ಬರುವ ಮುಂಚೆ ಗುಡಿಸಿ ಒರೆಸಿದ ಹಾಗೆ.

ಹಾಗಾದರೆ ಪಕ್ಕದಲ್ಲಿ ನಿಂತವರು ಮಾಡುವುದೇನು? ದೊಡ್ಡ ಕೆಲಸವೇನಲ್ಲ. ಮೊದಲು, ಹಲ್ಲಿರುವ ಬಕೆಟ್ ತೆಗೆಸಿ ಅಂಚು ಸಪಾಟಾಗಿರುವ ಬಕೆಟ್ ಹಾಕಿಸುತ್ತಾರೆ. ಒಂದೇ ಸಲ ಬಗೆಯದೆ ತೆಳ್ಳಗೆ ಕೆರೆಯುತ್ತಾ ಇಳಿಯಲು ಹೇಳುತ್ತಾರೆ. ಆಗ ಹಳೆ ಕಂಬದ ಗುಂಡಿ ಇದ್ದರೆ ದುಂಡಗೆ ಕಪ್ಪಾಗಿ ಕಾಣುತ್ತದೆ, ಗೋಡೆಯ ಕಲ್ಲು ಯಾರೋ ಕಿತ್ತೊಯ್ದಿದ್ದರೆ ಅದರ ಕಾಲುವೆಯ ಗುರುತು ಕಾಣುತ್ತದೆ. ಏನಾದರೂ ಕಂಡರೆ ಕೈ ಎತ್ತುತ್ತಾರೆ, ಕರಣೆ ಹಿಡಿದು ಇಳಿಯುತ್ತಾರೆ, ಅಳತೆಪಟ್ಟಿ ಇಟ್ಟು ಫೋಟೊ ತೆಗೆಯುತ್ತಾರೆ, ಪಕ್ಕೆಯ ನಕ್ಷೆ ಬರೆಯುತ್ತಾರೆ, ಎಷ್ಟು ಆಳದಲ್ಲಿತ್ತು ಅಂತ ಗುರುತು ಹಾಕುತ್ತಾರೆ. ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ, ಕೆಲಸ ಮುಂದುವರಿಯುತ್ತದೆ. ಎಷ್ಟೋ ದಿನ ಏನೂ ಸಿಗುವುದೂ ಇಲ್ಲ. ಇಲ್ಲಿ ಏನೂ ಇರಲಿಲ್ಲ ಅಂತ ಬರೆದಿಡುವುದೂ ಉಪಯೋಗಕ್ಕೆ ಬರುತ್ತದೆ, ಊರಿನ ಎಲ್ಲೆ ಎಲ್ಲಿಗೆ ಮುಗಿಯುತ್ತಿತ್ತು ಅನ್ನುವುದು ತಿಳಿಯುವುದು ಹಾಗೆಯೇ.

ಈಗ ಏನಾದರೂ ಹೊರಬಂದರೆ ಅದು ಬರೀ ಅದೃಷ್ಟ. 2012ರಲ್ಲಿ ಬೆಂಗಳೂರಿನ ಕೆ.ಆರ್. ಮಾರುಕಟ್ಟೆ ಹತ್ತಿರ ಮೆಟ್ರೊಗೆ ಅಗೆಯುವಾಗ ಹಳೆ ಫಿರಂಗಿಗಳು ಸಿಕ್ಕವು. ಫಿರಂಗಿ ಆದ್ದರಿಂದ ಸಿಕ್ಕಿತು, ಬಕೆಟ್ಟಿಗೆ ಬಗ್ಗಲಿಲ್ಲ. ಅದರ ಸುತ್ತ ಬಗ್ಗಿಹೋದದ್ದೆಲ್ಲ ಏನು? ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ 2018ರಲ್ಲಿ ಒಂದು ಹಾಳು ಬಾವಿಯಿಂದ ಟಿಪ್ಪು ಕಾಲದ ಸಾವಿರದಷ್ಟು ರಾಕೆಟ್ಟುಗಳನ್ನು ತೆಗೆದರಲ್ಲ, ಬಾವಿಯ ಕೆಸರು ಮದ್ದಿನ ವಾಸನೆ ಬರುತ್ತಿತ್ತು ಅಂತ ಆಗ ಪತ್ರಿಕೆಗಳಲ್ಲಿ ಓದಿದ ನೆನಪು. ಅದೇ ಕಡೆ 2002ರಲ್ಲೇ ಒಂದಷ್ಟು ಸಿಕ್ಕಿದ್ದವು. ಅವು ರಾಕೆಟ್ ಅಂತ ಗೊತ್ತಾಗಲು ವರ್ಷಗಳೇ ಹಿಡಿದವು. ಕಲಬುರಗಿ ಜಿಲ್ಲೆಯ ಸನ್ನತಿಯದು ಇನ್ನೂ ಸೋಜಿಗ. 1986ರಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ನೋಡಿದರೆ ವಿಗ್ರಹದ ಪೀಠಕ್ಕೆ ಹಾಸಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ! ಆ ಚಪ್ಪಡಿಯನ್ನು ಯಾರೂ ಒಡೆದು ಜಲ್ಲಿ ಮಾಡದೆ ಬಿಟ್ಟಿದ್ದು ನಮ್ಮ ಪುಣ್ಯ. ಪಕ್ಕದ ಕನಗನಹಳ್ಳಿಯಲ್ಲಿ ಆಮೇಲೆ ಕ್ರಮವಾಗಿ ಉತ್ಖನನ ಮಾಡಿದ್ದರಿಂದಲೇ ‘ರಾಯೋ ಅಸೋಕ’ (ಅಂದರೆ ರಾಜ ಅಶೋಕ) ಅಂತ ಹೆಸರು ಕೆತ್ತಿದ ಅಶೋಕನ ಶಿಲ್ಪ ನಮಗೆ ದೊರೆಯಿತು.

ಗುತ್ತಿಗೆದಾರರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಅವರಿಗೆ ಭಯ. ನಿಧಿ ಕಾಯ್ದೆ ಪ್ರಕಾರ ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ತಿಳಿಸಿದರೆ ಏನಾಗುತ್ತದೆ? ಕೆಲಸ ನಿಲ್ಲುತ್ತದೆ, ಯಾರು ಯಾವಾಗ ಬಂದು ನೋಡುತ್ತಾರೋ ಗೊತ್ತಿಲ್ಲ, ಜೆಸಿಬಿ ಬಾಡಿಗೆ ಏರುತ್ತಿರುತ್ತದೆ, ರಸ್ತೆ ಬಂದ್ ಅಂತ ಜನ ಬೈಯುತ್ತಾರೆ, ಮೇಲೆ ನಿಧಿ ಸಿಕ್ಕಿತಂತೆ ಅಂತ ಊರೆಲ್ಲ ಗುಲ್ಲು. ಸುಮ್ನೆ ಮುಚ್ಚಿಬಿಟ್ಟರೆ ಯಾವ ರಗಳೆಯೂ ಇಲ್ಲ. ಪ್ರಾಮಾಣಿಕವಾಗಿ ಹೇಳಿದವನಿಗೆ ನಷ್ಟ, ಹೇಳದವನಿಗೆ ಬಿಲ್ಲು ಪಾಸು. ಇದು ಬದಲಾಗಬೇಕಾದರೆ ಟೆಂಡರಿನಲ್ಲೇ ಎರಡು ಮಾತು ಇರಬೇಕು. ಪುರಾತತ್ವದ ಕಾರಣಕ್ಕೆ ನಿಂತ ದಿನಗಳಿಗೆ ದಂಡ ಹಾಕಬಾರದು, ನಿಂತ ಯಂತ್ರಕ್ಕೆ ಬಾಡಿಗೆ ಕೊಡಬೇಕು. ಹಾಗೆಯೇ ಪುರಾತತ್ವ ಇಲಾಖೆಯವರೂ ಇಂತಿಷ್ಟು ದಿನದೊಳಗೆ ಬಂದು ನೋಡಿ ತೀರ್ಮಾನ ಹೇಳಲೇಬೇಕು. ಒಂದು ಕಡೆಗೆ ಮಾತ್ರ ಗಡುವು ಹಾಕಿದರೆ ಪ್ರಯೋಜನವಿಲ್ಲ.

ಹೀಗೆಲ್ಲ ಮಾಡಿದರೆ ಯೋಜನೆಗಳೇ ಮುಗಿಯುವುದಿಲ್ಲ ಎಂದು ಗ್ರೀಸ್ ದೇಶದ ಥೆಸಲೊನೀಕಿ ಮೆಟ್ರೊ ತೋರಿಸುವವರಿದ್ದಾರೆ. 2006ರಲ್ಲಿ ಶುರುವಾದದ್ದು ಓಡಿದ್ದು 2024ರ ನವೆಂಬರ್‌ನಲ್ಲಿ, ನಿಜ. ಅಲ್ಲಿ ಹಳೆ ರೋಮನ್ ಕಾಲದ ಬೀದಿಯೇ ಸಿಕ್ಕಿತ್ತು. ಅದರ ಜೊತೆ ಆ ದೇಶ ದಿವಾಳಿ ಅಂಚಿಗೆ ಹೋಗಿ ದುಡ್ಡಿಲ್ಲದೆ ಕೆಲಸ ನಿಂತಿದ್ದೂ ನಿಜ, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಮ್ಮ ಹಂಪಿಯದೇ ನೋಡಿ. ಮೊದಲೇ ಕೇಳದೆ ಆನೆಗೊಂದಿ ಸೇತುವೆ ಶುರು ಮಾಡಿದೆವು, 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು, ಅದರಿಂದ ಹೊರಬರಲು 2006 ಆಯಿತು, ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿದು ಜೀವಗಳೂ ಹೋದವು. ಕುಸಿತಕ್ಕೆ ಕಾರಣ ಬೇರೆ ಇರಬಹುದು. ಆದರೆ ವರ್ಷಗಟ್ಟಲೆ ತಡ ಆಗಿದ್ದು ಮೊದಲು ನೋಡಿದ್ದಕ್ಕಲ್ಲ, ನೋಡದೆ ಹೊರಟಿದ್ದಕ್ಕೆ.

ಇಂಗ್ಲೆಂಡಿನಲ್ಲೂ ಮೊದಲು ನಮ್ಮ ಹಾಗೇ ಇತ್ತು. 1989ರಲ್ಲಿ ಲಂಡನ್ನಿನಲ್ಲಿ ಆಫೀಸು ಕಟ್ಟಡಕ್ಕೆ ಅಗೆಯುವಾಗ ಶೇಕ್ಸ್‌ಪಿಯರ್ ಕಾಲದ ರೋಸ್ ನಾಟಕಶಾಲೆಯ ಪಾಯ ಸಿಕ್ಕಿ ದೊಡ್ಡ ಗಲಾಟೆ ಆಯಿತು. ಮರುವರ್ಷವೇ ಸರ್ಕಾರ ಮಾರ್ಗಸೂಚಿ ತಂದಿತು: ಕಟ್ಟುವ ಮುಂಚೆ ನೆಲದಡಿ ಏನಿದೆ ನೋಡಬೇಕು, ಅದರ ಖರ್ಚು ಕಟ್ಟುವವರದು. ಅಲ್ಲಿಂದಾಚೆ ಲಂಡನ್ನಿನಲ್ಲಿ ಕಟ್ಟಡ ಕಟ್ಟುವುದೇನೂ ನಿಂತುಹೋಗಿಲ್ಲ, ಅಲ್ವಾ?

ನಮ್ಮಲ್ಲಿ ಮನಸ್ಸಿದ್ದರೆ ಏನು ಬೇಕಾದರೂ ಮಾಡುತ್ತೇವೆ. 2017ರಲ್ಲಿ ಶ್ರೀರಂಗಪಟ್ಟಣದಲ್ಲಿ ರೈಲು ಜೋಡಿ ಮಾರ್ಗಕ್ಕೆ ಅಡ್ಡವಾಗಿದ್ದ ಟಿಪ್ಪುವಿನ ಮದ್ದಿನ ಮನೆಯನ್ನು, ಸುಮಾರು ಸಾವಿರ ಟನ್ ತೂಕದ್ದನ್ನು, ಬುಡಸಮೇತ ಎತ್ತಿ ನೂರು ಮೀಟರಿಗೂ ಆಚೆ ಸರಿಸಿಟ್ಟೆವು. ನನಗೆ ಹೆಮ್ಮೆ ಇದೆ, ಎಂಜಿನಿಯರ್ ಆಗಿ ಜಾಸ್ತಿನೇ. ಅದೇ ಊರಿನ ಬೀದಿಯಲ್ಲಿ ಪೈಪಿಗೆ ಅಗೆಯುವಾಗ ಒಬ್ಬರನ್ನು ನಿಲ್ಲಿಸುವುದಕ್ಕೆ ಅದರ ಮುಂದೆ ಎಷ್ಟು ಖರ್ಚಾದೀತು?

ಜನ ಎಲ್ಲಿಂದ ಬರಬೇಕು ಅನ್ನುವುದು ಮುಂದಿನ ಪ್ರಶ್ನೆ. ಮೈಸೂರು, ಧಾರವಾಡದ ವಿಶ್ವವಿದ್ಯಾಲಯಗಳಲ್ಲಿ ಪ್ರಾಚೀನ ಇತಿಹಾಸ, ಪುರಾತತ್ವ, ಶಾಸನ ಓದಿದವರು ಕೆಲಸ ಸಿಗದೆ ಬೇರೆ ಏನೋ ಮಾಡುತ್ತಿದ್ದಾರೆ. ರಾಜ್ಯ ಪುರಾತತ್ವ ಇಲಾಖೆ ಅವರಿಗೆ ಸೈಟಿನಲ್ಲಿ ತರಬೇತಿ ಕೊಟ್ಟು ಒಂದು ಪಟ್ಟಿ ಮಾಡಲಿ, ನಗರಸಭೆಗಳು ಆ ಪಟ್ಟಿಯಿಂದ ಕರೆಯಲಿ. ಒಂದೇ ಎಚ್ಚರಿಕೆ: ಅವರಿಗೆ ಸಂಬಳ ಗುತ್ತಿಗೆದಾರನ ಕೈಯಿಂದ ಹೋಗಬಾರದು. ಸಂಬಳ ಕೊಡುವವನ ಜೆಸಿಬಿಯನ್ನು ನಿಲ್ಲಿಸುವ ಧೈರ್ಯ ಎಲ್ಲರಿಗೂ ಇರುವುದಿಲ್ಲ, ನನಗೂ ಇರುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಅವರ ವರದಿ, ನಕ್ಷೆ, ಫೋಟೊಗಳ ಒಂದು ಪ್ರತಿ ನಗರಸಭೆಯಲ್ಲಿ, ಇನ್ನೊಂದು ಊರಿನ ಗ್ರಂಥಾಲಯದಲ್ಲಿ ಇರಲಿ. ಕೊನೆ ಕಂತಿನ ಬಿಲ್ಲು ಪಾಸಾಗುವುದು ಆ ವರದಿ ಬಂದ ಮೇಲೆಯೇ ಅಂತ ಒಂದು ಸಾಲು ಸೇರಿಸಿದರೆ ವರದಿ ತಾನಾಗಿ ಬರುತ್ತದೆ. ಬಿಲ್ಲಿನ ವಿಷಯ ನನಗೆ ಚೆನ್ನಾಗಿ ಗೊತ್ತು.

ಇಂತಿ,
ನಿವೃತ್ತ ಎಂಜಿನಿಯರ್ ಒಬ್ಬ