ಬಾಗಿಲ ಕೆಳಗಿನ ಸಂದು ಮೊದಲು ಮುಚ್ಚು

ಪ್ರೀತಿಯ ಪುಟ್ಟಿಗೆ,

ನಿನ್ನ ದೊಡ್ಡಪ್ಪನ ಆಶೀರ್ವಾದ. ಬಚ್ಚಲಲ್ಲಿ ಚೇಳು ಕಂಡಿತು ಅಂತ ನೀನು ಹೇಳಿದ ಮೇಲೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಪಾಪು ಈಗಷ್ಟೇ ಅಂಬೆಗಾಲಿಡುತ್ತಿದೆ. ಕಂಡದ್ದಕ್ಕೆಲ್ಲ ಕೈ ಹಾಕುವ ವಯಸ್ಸು. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಔಷಧಿ ಹೊಡೆಸಿದ್ದೇವೆ, ಇನ್ನು ಚಿಂತೆಯಿಲ್ಲ ಅಂದೆಯಲ್ಲ, ಆ ಮಾತೇ ನನಗೆ ಚಿಂತೆ. ಜಿರಳೆ ಸಾಯುವಷ್ಟು ಸುಲಭವಾಗಿ ಚೇಳು ಸಾಯುವುದಿಲ್ಲ. ಹಗಲೆಲ್ಲ ಬಿರುಕಿನೊಳಗೆ ಅಡಗಿ ಕೂತಿರುತ್ತದೆ, ಅಲ್ಲಿಗೆ ಔಷಧಿ ಹೋಗುವುದೇ ಕಷ್ಟ. ನಾನೂ ಒಮ್ಮೆ ಹೀಗೇ ನಂಬಿಕೊಂಡಿದ್ದೆ. ಮೂರನೇ ದಿನ ಬೆಳಿಗ್ಗೆ ಶೂ ಒಳಗೆ ಕಾಲು ಹಾಕಿದಾಗ ಕುಟುಕಿತು. ಆ ಉರಿ ಇವತ್ತಿಗೂ ನೆನಪಿದೆ. ಅಂದಿನಿಂದ ಒದರದೆ ಶೂ ಹಾಕಿಲ್ಲ. ನೀನೂ ಶೂ, ಟವೆಲ್, ಪಾಪುವಿನ ಬಟ್ಟೆ ಎಲ್ಲವನ್ನೂ ಒದರಿಯೇ ಮುಟ್ಟು.

ಅದು ಬರುವುದು ನಮ್ಮನ್ನು ಹುಡುಕಿಕೊಂಡಲ್ಲ. ಅದಕ್ಕೆ ಬೇಕಾದದ್ದು ಜಿರಳೆ, ಹುಳು, ತೇವ, ಕತ್ತಲು. ಹಾಗಾಗಿ ಸೋರುವ ನಲ್ಲಿ ಸರಿಮಾಡಿಸು. ರಾತ್ರಿ ಅಡುಗೆಮನೆ ಒರೆಸಿ ಮಲಗು. ಗೋಡೆಗೆ ಒರಗಿಸಿಟ್ಟ ಇಟ್ಟಿಗೆ, ಕಟ್ಟಿಗೆ, ಹಳೇ ರಟ್ಟಿನ ಡಬ್ಬಗಳನ್ನು ದೂರ ಸಾಗಿಸು. ಎತ್ತುವಾಗ ದಪ್ಪ ಗ್ಲೌಸ್ ಇರಲಿ. ಬಾಗಿಲ ಮುಂದೆ ರಾತ್ರಿಯಿಡೀ ಉರಿಯುವ ಬಿಳಿ ದೀಪವೂ ಬೇಡ. ದೀಪಕ್ಕೆ ಹುಳು ಬರುತ್ತವೆ, ಹುಳುವಿನ ಹಿಂದೆ ಚೇಳು.

ಎಲ್ಲಕ್ಕಿಂತ ಮುಖ್ಯ ಸಂದು. ಚೇಳಿನ ಮೈ ಚಪ್ಪಟೆ, ಸಣ್ಣ ಚೇಳಿಗೆ 2 ಮಿಲಿಮೀಟರ್ ಜಾಗ ಇದ್ದರೂ ಸಾಕು. ಕತ್ತಲಾದ ಮೇಲೆ ಒಳಗಿನ ದೀಪ ಆರಿಸಿ ನೀನು ಬಾಗಿಲ ಬಳಿ ಕೂತಿರು. ಹೊರಗಿನಿಂದ ಯಾರಾದರೂ ಕೆಳಗಡೆ ಟಾರ್ಚ್ ಬಿಡಲಿ. ಬೆಳಕು ಒಳಗೆ ಬಂತು ಅಂದರೆ ಚೇಳಿಗೂ ದಾರಿ ಇದೆ ಅಂತಲೇ ಅರ್ಥ. ಅಲ್ಲಿಗೆ ರಬ್ಬರ್ ಪಟ್ಟಿ ಬಡಿಸಬೇಕು. ಪೈಪ್ ಗೋಡೆ ತೂರಿ ಬರುವ ಜಾಗ, ಕಿಟಕಿ ಚೌಕಟ್ಟಿನ ಬಿರುಕು, ಇವನ್ನು ಸಿಮೆಂಟಿನಿಂದಲೋ ಸೀಲೆಂಟಿನಿಂದಲೋ ಮುಚ್ಚಿಸು. ಬಚ್ಚಲ ಕಿಂಡಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸು.

ಒಂದು ಯುವಿ ಟಾರ್ಚ್, ಅಂದರೆ ನೇರಳಾತೀತ ಬೆಳಕು ಬಿಡುವ ಟಾರ್ಚ್ ಕೂಡ ತರಿಸಿಕೋ. ಆ ಬೆಳಕು ಬಿದ್ದರೆ ಚೇಳು ಹಸಿರು-ನೀಲಿಯಾಗಿ ಹೊಳೆಯುತ್ತದೆ, ದೂರದಿಂದಲೇ ಕಾಣುತ್ತದೆ. ಶೂ ಹಾಕಿಕೊಂಡು ರಾತ್ರಿ ಮನೆ ಸುತ್ತ ಒಂದು ಸುತ್ತು ಹೋಗಿ ಬಾ. ಎಲ್ಲಿಂದ ಬರುತ್ತಿವೆ ಅಂತ ಗೊತ್ತಾಗುತ್ತದೆ. ಈಗಷ್ಟೇ ಪೊರೆ ಬಿಟ್ಟ ಚೇಳು ಮಾತ್ರ ಅಷ್ಟಾಗಿ ಹೊಳೆಯುವುದಿಲ್ಲ, ನೆನಪಿರಲಿ. ಒಳಗೆ ಸಿಕ್ಕಿದರೆ ಅದರ ಮೇಲೆ ಗಾಜಿನ ಜಾಡಿ ಬೋರಲು ಹಾಕು. ನುಣುಪಾದ ಗಾಜನ್ನು ಅದು ಹತ್ತಲಾರದು. ಬರಿಗಾಲಲ್ಲಿ ಚಪ್ಪಲಿ ಹಿಡಿದು ಓಡಬೇಡ. ತಾಯಿ ಚೇಳಾದರೆ ಬೆನ್ನ ಮೇಲೆ ಮರಿಗಳ ಗುಂಪೇ ಇರಬಹುದು, ಹೊಡೆದಾಗ ಚೆದುರಿಬಿಡುತ್ತವೆ.

ಪಾಪುವಿನ ಹಾಸಿಗೆ ಗೋಡೆಗೆ ತಾಗದಿರಲಿ, ಹೊದಿಕೆಯ ಅಂಚು ನೆಲಕ್ಕೆ ಇಳಿಬೀಳದಿರಲಿ. ಪಾಪುವನ್ನು ಮಲಗಿಸುವ ಮೊದಲು ಹಾಸಿಗೆ ಒಮ್ಮೆ ಕೊಡವು.

ಇಷ್ಟಾಗಿಯೂ ಕುಟುಕಿದರೆ ಸೋಪು ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡು. ಕೊಯ್ಯುವುದು, ಬಾಯಲ್ಲಿ ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡವೇ ಬೇಡ. ದೊಡ್ಡವರಿಗೆ ಎಷ್ಟೋ ಸಲ ನೋವಿನಲ್ಲೇ ಮುಗಿಯುತ್ತದೆ, ಮಕ್ಕಳಿಗೆ ಹಾಗಲ್ಲ. ಪಾಪುವಿಗೆ ಕುಟುಕಿದರೆ ವಾಂತಿ, ಬೆವರು ಬರಲಿ ನೋಡೋಣ ಅಂತ ಸುಮ್ನೆ ಕೂರಬೇಡ. ಆ ಕ್ಷಣವೇ ಆಸ್ಪತ್ರೆಗೆ ಹೊರಡು. ದಾರಿಯಲ್ಲಿ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ಭಾನುವಾರ ನಾನೇ ಬರುತ್ತೇನೆ. ಮುಂಬಾಗಿಲು, ಹಿತ್ತಿಲ ಬಾಗಿಲು ಎರಡರ ಅಗಲವನ್ನೂ ಅಳೆದು ಇವತ್ತೇ ತಿಳಿಸು. ರಬ್ಬರ್ ಪಟ್ಟಿ ತರುತ್ತೇನೆ. ಅಲ್ಲಿಯವರೆಗೆ ರಾತ್ರಿ ಬಾಗಿಲ ಸಂದಿಗೆ ಹಳೇ ಬಟ್ಟೆ ಬಿಗಿಯಾಗಿ ತುರುಕಿಡು. ಬೆಳಿಗ್ಗೆ ತೆಗೆಯುವಾಗ ಕೋಲಿನಿಂದ ತೆಗೆ.

ನಿನ್ನ ದೊಡ್ಡಪ್ಪ