ಭಾನುವಾರದ ಸ್ಪ್ಯಾನಿಷ್ ಅಭ್ಯಾಸ: ಸ್ಥಳ ಬದಲಾವಣೆ ಮತ್ತು ಪತ್ರಲೇಖನ

ಎಲ್ಲ ಸದಸ್ಯರಿಗೂ ನಮಸ್ಕಾರ.

ಮಳೆ ಬಿಡುವ ಲಕ್ಷಣ ಕಾಣದಿರುವುದರಿಂದ, ಕದ್ರಿ ಪಾರ್ಕಿನಲ್ಲಿ ನಡೆಯಬೇಕಿದ್ದ ಈ ಭಾನುವಾರದ ಅಭ್ಯಾಸವನ್ನು ಬಿಜೈಯಲ್ಲಿರುವ ನಮ್ಮ ಮನೆಯ ಚಾವಡಿಯಲ್ಲಿ ಸಂಜೆ 4 ಗಂಟೆಗೆ ಇಟ್ಟುಕೊಳ್ಳಲಾಗಿದೆ. ಹೊಸಬರು ಕೆಎಸ್‌ಆರ್‌ಟಿಸಿ ಬಸ್ ನಿಲ್ದಾಣದ ಬಳಿ ಇಳಿದು ಕರೆ ಮಾಡಿದರೆ ಸಾಕು.

ಈ ಬಾರಿ 'ಗುಸ್ತಾರ್' ಕ್ರಿಯಾಪದವನ್ನು ನೋಡೋಣ. ಇಂಗ್ಲಿಷಿನ ಮೂಲಕ ಕಲಿಯುವವರಿಗೆ ಇದು ತೊಡಕೆನಿಸುತ್ತದೆಯಾದರೂ, 'ಮೆ ಗುಸ್ತಾ ಎಲ್ ಕಫೆ' ಎಂಬ ವಾಕ್ಯವು 'ನನಗೆ ಕಾಫಿ ಇಷ್ಟ' ಎಂಬ ನಮ್ಮ ಮಾತಿನಂತೆಯೇ ಇಷ್ಟವಾದ ವಸ್ತುವನ್ನು ಕರ್ತೃವಾಗಿಸುವುದರಿಂದ, ಕನ್ನಡದಲ್ಲಿ ಯೋಚಿಸಿದರೆ ಅರ್ಧ ಕೆಲಸ ಮುಗಿದಂತೆ. ಆದರೆ ವಸ್ತುಗಳು ಒಂದಕ್ಕಿಂತ ಹೆಚ್ಚಿದ್ದಾಗ 'ಗುಸ್ತಾನ್' ಎನ್ನಬೇಕು. ನಾನೂ ಸೇರಿ ಎಲ್ಲರೂ ಎಡವಿದ್ದು ಇಲ್ಲಿಯೇ.

ಬರುವ ಮೊದಲು, ನಲ್ಲಿ ಸೋರುತ್ತಿರುವುದನ್ನು ಮನೆ ಮಾಲೀಕರಿಗೆ ತಿಳಿಸುವ ಎಂಟು ವಾಕ್ಯಗಳ ಪತ್ರವೊಂದನ್ನು ಸ್ಪ್ಯಾನಿಷಿನಲ್ಲಿ ಬರೆದು ತರಬೇಕು. ಏನಾಗಿದೆ, ಎಂದಿನಿಂದ, ಏನು ಮಾಡಬೇಕು ಎಂಬುದು ಮೊದಲ ಮೂರು ವಾಕ್ಯಗಳಲ್ಲೇ ಸ್ಪಷ್ಟವಾಗಲಿ. ಮಾಲೀಕರನ್ನು 'ತು' ಎನ್ನದೆ 'ಉಸ್ತೆದ್' ಎಂದು ಸಂಬೋಧಿಸಿ. ಅರ್ಥದಲ್ಲಿ ಅದು ನಮ್ಮ 'ನೀವು' ಆದರೂ, ಅದರ ಜೊತೆ ಬರುವ ಕ್ರಿಯಾಪದ 'ಅವನು', 'ಅವಳು' ಎಂಬುದಕ್ಕೆ ಬರುವ ರೂಪದ್ದು. ಪ್ರಶ್ನೆಯ ಆರಂಭದಲ್ಲಿ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ ಕಡ್ಡಾಯ. ಸ್ಪ್ಯಾನಿಷ್ ರಾಯಲ್ ಅಕಾಡೆಮಿ 1754ರಲ್ಲೇ ಸೂಚಿಸಿದ ಈ ಚಿಹ್ನೆಯನ್ನು ನಾವು ಇನ್ನೂ ಮರೆಯುತ್ತಿದ್ದೇವೆ! ಮೊಬೈಲಿನ ಅನುವಾದವನ್ನು ದಯವಿಟ್ಟು ತರಬೇಡಿ, ತಪ್ಪಿದ್ದರೂ ಸ್ವಂತದ್ದೇ ಇರಲಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ಹೆಸರು ತಿಳಿಸಬೇಕಾಗಿ ವಿನಂತಿ; ಕುರ್ಚಿ ಮತ್ತು ಗೋಳಿಬಜೆಯ ಲೆಕ್ಕ ಹಾಕಬೇಕಿದೆ.